ನಲವತ್ತೆರಡನೆಯ ಫೋಟೊ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಸತ್ತವರು ಕಂಡರೆಂದೋ ಕರೆದರೆಂದೋ ನಮ್ಮ ಪಾಲಬಾವಿಯಲ್ಲಿ ಯಾರಾದರೂ ಶುರು ಮಾಡಿದರೆ, ಎಷ್ಟು ಗಂಟೆಗೆ, ಜೊತೆಗೆ ಯಾರಿದ್ದರು, ಬೆಳಕು ಹೇಗಿತ್ತು ಎಂದು ಕೇಳಿ ಅವರ ಹುರುಪನ್ನೇ ಆರಿಸಿಬಿಡುತ್ತಿದ್ದೆ. ಏಳನೆಯ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಬಸ್ಸು ಬಂದ ಹೊತ್ತು, ಆಡು ಈದ ದಿನ, ಮನೆಗೆ ಎಷ್ಟು ಜನ ಬಂದರು, ಎಲ್ಲವೂ ಅದರಲ್ಲಿವೆ. ಬರೆದಿಡಲು ಬಾರದ್ದು ನಡೆದೇ ಇಲ್ಲ ಎಂದು ತಿಳಿದವಳು ನಾನು. ಮೂರು ವರ್ಷದ ಹಿಂದಿನ ಈ ಸಂಗತಿಯನ್ನೂ ದಿನಚರಿ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಗಂಗವ್ವತ್ತಿ ನಮ್ಮಪ್ಪನ ಅಕ್ಕ. ಅವಳನ್ನು ಮಂಗಸೂಳಿಗೆ ಕೊಟ್ಟಿದ್ದರು. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಮಕ್ಕಳಿರಲಿಲ್ಲ. ನನ್ನನ್ನು ಎತ್ತಿ ಆಡಿಸಿದವಳು, ಹೆರಳು ಹಾಕಿ ಶಾಲೆಗೆ ಕಳಿಸಿದವಳು ಅವಳೇ.

ಚಿಕ್ಕೋಡಿಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕ ವರ್ಷ ನಾನು ಹೊಸ ಫೋನು ಕೊಂಡೆ. ಮನೆಯ ಹಳೆಯ ಆಲ್ಬಮ್ಮುಗಳ ಫೋಟೊಗಳನ್ನೆಲ್ಲ ಒಂದೊಂದಾಗಿ ಅದರಲ್ಲಿ ತೆಗೆದಿಟ್ಟೆ. ಕೆಲವು ದಿನಗಳ ಮೇಲೆ ನೋಡಿದರೆ, ಫೋಟೊಗಳ ಆ್ಯಪ್ ತಾನಾಗಿಯೇ ಮುಖಗಳನ್ನು ಹುಡುಕಿ ಬೇರೆ ಬೇರೆ ಗುಂಪು ಮಾಡಿತ್ತು. ನಾನು ಹೇಳಿರಲಿಲ್ಲ, ಅದು ಕೇಳಿಯೂ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ದುಂಡನೆಯ ಚಿತ್ರ, ಕೆಳಗೆ ‘ಹೆಸರು ಸೇರಿಸಿ’ ಎಂಬ ಸಾಲು. ಅಪ್ಪ, ಅವ್ವ, ತಮ್ಮ, ನಾನು. ಕೊನೆಯಲ್ಲಿ ಅತ್ತಿ. ಒತ್ತಿದರೆ ನಲವತ್ತೊಂದು ಫೋಟೊ.

ಅತ್ತಿ ಫೋಟೊಗೆ ನಿಂತದ್ದನ್ನು ನಾನು ಕಂಡೇ ಇರಲಿಲ್ಲ. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಎಲ್ಲರನ್ನೂ ಕರೆದು ನಿಲ್ಲಿಸುವ ಹೊತ್ತಿಗೆ ಕೈಗೆ ಸಿಕ್ಕ ಚರಿಗೆಯನ್ನೋ ತಾಟನ್ನೋ ಎತ್ತಿಕೊಂಡು ಸರಿದುಬಿಡುತ್ತಿದ್ದಳು. ಗಂಡನಿಲ್ಲದವಳು ಶುಭಕಾರ್ಯದ ಫೋಟೊದಲ್ಲಿ ಬರಬಾರದೆಂದು ಮೊದಮೊದಲು ಹೇಳುತ್ತಿದ್ದರಂತೆ. ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. ಆದರೂ ಸಿಕ್ಕಿಬಿದ್ದಿದ್ದಳು. ಆ ದಿನ ನಾನು ಎಣಿಸಿ ಬರೆದದ್ದು ಹೀಗಿದೆ: ನಡುಮನೆಯ ಬಾಗಿಲಲ್ಲಿ ಪರದೆಯ ಬದಿಗೆ ಇಪ್ಪತ್ತಾರು, ಒಲೆಯ ಹತ್ತಿರ ಒಂಬತ್ತು, ಯಾರದೋ ಹೆಗಲ ಹಿಂದೆ ಐದು. ನೇರ ನೋಡಿದ್ದು ಒಂದೇ, ನನ್ನನ್ನು ತೊಟ್ಟಿಲಿಗೆ ಹಾಕಿದ ದಿನದ್ದು, ಅದೂ ಹಿಂದೆ ದೂರದಿಂದ.

ರವಿವಾರ ಅವಳಿಗೆ ತೋರಿಸಿದೆ. ಆಡಿಗೆ ಸೊಪ್ಪು ಹಾಕುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕುಳಿತಳು.

“ಇದಕ್ಕ ನನ್ನ ಗುರ್ತ ಯಾರ್ ಹೇಳಿದ್ರು?”

“ಯಾರೂ ಹೇಳಿಲ್ಲತ್ತಿ. ತಾನ ಹುಡಕಿ ಕೂಡಿಸೈತಿ.”

“ನಿಮ್ಮಪ್ಪಗಿಂತ ಇದ ಶ್ಯಾಣೇ ಐತಿ ಬಿಡು. ಒಂದ ಮನ್ಯಾಗ ಇದ್ದು ಅವಂಗ ನಾ ಇಷ್ಟ ಸಲ ಕಂಡಿಲ್ಲ,” ಎಂದು ನಕ್ಕಳು.

ನಲವತ್ತೊಂದನ್ನೂ ನೋಡಿದಳು. ಕೆಲವು ಬಂದಾಗ ನನ್ನ ಬೆರಳು ಹಿಡಿದು ತಡೆದಳು. ಮುಗಿಯುವ ಹೊತ್ತಿಗೆ ನಗು ಇರಲಿಲ್ಲ.

“ಬ್ಯಾಡ ಅಂತನ ಹಿಂದ ಸರದು ನಿಂತಾಕಿ ನಾ. ನನ್ನ ಒಂದ ಮಾತ ಕೇಳದ ಇದ್ಯಾಕ ಹಿಡದು ಮುಂದ ತಂದ್ ನಿಲ್ಲಸ್ತು? ಮುಚ್ಚಿಬಿಡು ಮಗಳ, ಯಾರಿಗೂ ತೋರಸಬ್ಯಾಡ. ನಾ ಸತ್ತ ಮ್ಯಾಲೂ ಗ್ವಾಡಿಗೆ ಹಾಕಬ್ಯಾಡ್ರಿ. ಇದ್ದಾಗ ಕರೀಲಾರದವ್ರು ಸತ್ತ ಮ್ಯಾಲ ನಡುಮನ್ಯಾಗ ಯಾಕ ಕುಂಡ್ರಸಬೇಕು?”

ಆಗಲಿ ಎಂದು ಮಾತು ಕೊಟ್ಟೆ. ಫೋಟೊಗಳನ್ನೇ ಅಳಿಸಿದರೆ ಅವುಗಳಲ್ಲಿದ್ದ ಉಳಿದವರೂ ಹೋಗುತ್ತಿದ್ದರು. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಅವಳ ಗುಂಪನ್ನು ಮರೆ ಮಾಡಿ, ಮುಖ ಗುರುತಿಸುವ ಸ್ವಿಚ್ಚನ್ನೇ ಆರಿಸಿದೆ. ದುಂಡು ಚಿತ್ರಗಳೆಲ್ಲ ಮಾಯವಾದವು. ದಿನಚರಿಯಲ್ಲಿ ‘ಅತ್ತಿ, ೪೧, ಬಂದ್’ ಎಂದು ಬರೆದಿದ್ದೇನೆ.

ಮರುವರ್ಷದ ಬೇಸಿಗೆಯಲ್ಲಿ ಅತ್ತಿ ಹೋದಳು. ಮೂರು ದಿನ ಜ್ವರ. ನಾಲ್ಕನೆಯ ದಿನ ರಾಯಬಾಗಕ್ಕೆ ಒಯ್ಯಲು ಗಾಡಿ ಬರುವ ಮೊದಲೇ ಮುಗಿದಿತ್ತು.

ಹದಿಮೂರನೆಯ ದಿನ ಹಾರ ಹಾಕಲು ಫೋಟೊ ಬೇಕಾಯಿತು. ಅಪ್ಪ ಟ್ರಂಕು ತೆಗೆದು, ಆಲ್ಬಮ್ಮುಗಳ ಹಾಳೆ ಹಾಳೆ ತಿರುವಿದ. ಅದೇ ಹಾಳೆಗಳಲ್ಲಿ ಅವಳಿದ್ದಳು, ಬಾಗಿಲ ಬದಿಗೆ, ಕಡಲೆಕಾಳಿನಷ್ಟು. ಅಪ್ಪನ ಕಣ್ಣಿಗೆ ಬೀಳಲಿಲ್ಲ. ನಿಪ್ಪಾಣಿಯಿಂದ ಬಂದ ದೊಡ್ಡವ್ವ, “ಏನಪಾ, ಮನಿ ತುಂಬ ಫೋಟೊ ಅದಾವ, ಆಕೀದ ಒಂದೂ ಇಲ್ಲೇನು?” ಎಂದು ಎಲ್ಲರೆದುರು ಕೇಳಿದಾಗ ಅವನು ತಲೆ ಬಗ್ಗಿಸಿ ನಿಂತ. ನನ್ನ ಕೈಯಲ್ಲೇ ಫೋನಿತ್ತು. ಕೊಟ್ಟ ಮಾತೂ ಇತ್ತು. ಫೋನು ತೆರೆಯಲಿಲ್ಲ. ಕೊನೆಗೆ ಕುರ್ಚಿಯ ಮೇಲೆ ಅವಳ ಸೀರೆಯೊಂದನ್ನು ಮಡಿಚಿಟ್ಟು ಅದಕ್ಕೇ ಹಾರ ಹಾಕಿದರು. ಬಂದವರ ನೆನಪಿಗಿರಲಿ ಎಂದು ಊಟದ ಹೊತ್ತಿನಲ್ಲಿ ನಾನು ಆರು ಫೋಟೊ ತೆಗೆದೆ.

ನಾಲ್ಕು ದಿನ ಕಳೆದು, ಬುಧವಾರ, ಸಂಜೆ ಐದು ನಲವತ್ತು. ಕಚೇರಿಯಿಂದ ಬೇಗ ಬಂದು ಕಟ್ಟೆಯ ಮೇಲೆ ಕುಳಿತಿದ್ದೆ. ಬಿಸಿಲು ಚೆನ್ನಾಗಿಯೇ ಇತ್ತು. ಫೋನು ಒಮ್ಮೆ ಸದ್ದು ಮಾಡಿತು. ತೆರೆದರೆ ಒಂದೇ ಒಂದು ದುಂಡು ಚಿತ್ರ, ಅತ್ತಿಯದು. ಫೋಟೊಗಳು ನಲವತ್ತೆರಡು. ಹೊಸದರ ಕೆಳಗೆ ‘ಇದು ಅದೇ ವ್ಯಕ್ತಿಯೇ?’ ಎಂಬ ಪ್ರಶ್ನೆ.

ಅದನ್ನು ತೆರೆದೆ. ಹದಿಮೂರನೆಯ ದಿನ ತೆಗೆದ ಮೂರನೆಯ ಫೋಟೊ. ಪಂಕ್ತಿಯಲ್ಲಿ ಕುಳಿತ ನೆಂಟರು, ಬಡಿಸುತ್ತಿರುವ ಅಪ್ಪ, ಹಿಂದೆ ನಡುಮನೆಯ ಬಾಗಿಲು. ಮುಖವೆಂದು ಅದು ಗೆರೆ ಎಳೆದು ತೋರಿಸಿದ ಚೌಕದಲ್ಲಿ ಯಾರೂ ಇರಲಿಲ್ಲ. ಹಸಿರು ಪರದೆ, ಬಾಗಿಲ ಚೌಕಟ್ಟು, ನಡುವೆ ಒಂದು ಗೇಣು ಕತ್ತಲು. ದೊಡ್ಡದು ಮಾಡಿ ನೋಡಿದೆ. ಬಟ್ಟೆಯ ನಿರಿಗೆ, ನೆರಳು, ಅಷ್ಟೇ. ಸ್ವಿಚ್ಚು ನೋಡಿದೆ. ನಾನು ಆರಿಸಿದಂತೆಯೇ ಇತ್ತು.

ನನಗೆ ಮತ್ತೇನೂ ತೋಚದೆ ಅಳತೆಯ ಟೇಪು ತಂದೆ. ಆ ಬಾಗಿಲ ಚೌಕಟ್ಟಿನ ಮೇಲೆ ಒಂದು ಕಪ್ಪು ಕಲೆಯಿದೆ. ಅತ್ತಿ ಅಲ್ಲಿ ತಲೆಯಾನಿಸಿ ನಿಂತು ನಿಂತು ಹತ್ತಿದ ಎಣ್ಣೆಯ ಕಲೆ. ನೆಲದಿಂದ ನಾಲ್ಕು ಅಡಿ ಎಂಟು ಇಂಚು. ಫೋಟೊದ ಚೌಕ ಸರಿಯಾಗಿ ಅದರ ಪಕ್ಕಕ್ಕಿತ್ತು.

“ಬಾಗಲಾ ಯಾಕ ಅಳ್ಯಾಕತ್ತಿ ಮಗಳ?” ಅಪ್ಪ ಹಿಂದೆ ನಿಂತಿದ್ದ.

ಸುಳ್ಳು ಹೇಳಲಾಗಲಿಲ್ಲ. ಫೋನು ಕೊಟ್ಟೆ. ಅತ್ತಿಗೆ ಕೊಟ್ಟ ಮಾತನ್ನು ಮುರಿದದ್ದು ಆ ಕ್ಷಣದಲ್ಲಿ.

ಅಪ್ಪ ಆ ಖಾಲಿ ಬಾಗಿಲನ್ನು ಬಹಳ ಹೊತ್ತು ನೋಡಿದ. ಎಲ್ಲಿದ್ದಾಳೆ ಎಂದು ಕೇಳುತ್ತಾನೆಂದುಕೊಂಡಿದ್ದೆ, ಕೇಳಲಿಲ್ಲ. ಬೆರಳಿನಿಂದ ಹಿಂದಕ್ಕೆ ಸರಿಸುತ್ತ ಹೋದ. ನಲವತ್ತೊಂದೂ ಮುಗಿದ ಮೇಲೆ ಹೊಸ್ತಿಲ ಮೇಲೆ ಕುಳಿತುಬಿಟ್ಟ.

“‘ಅಕ್ಕಾ, ಒಂಚೂರು ಸರೀ’ ಅಂತ ಫೋಟೊದಾವ ಅಲ್ಲ, ನಾನ ಹೇಳ್ತಿದ್ನಿ. ಫೋಟೊ ಚಂದ ಬರ್ಲಿ ಅಂತ.”

ಒಂದನ್ನಾದರೂ ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣವೇ ಎಂದು ಕೇಳಿದ. ಆಗ ಅತ್ತಿಯ ಮಾತನ್ನು ಒಂದೂ ಬಿಡದೆ ಹೇಳಿದೆ. ಹೇಳಬಾರದಿತ್ತೇನೋ. ಅಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, “ಬ್ಯಾಡ ಅಂದಾಳಂದ್ರ ಬ್ಯಾಡ. ಇದೊಂದಾದ್ರೂ ಆಕೀ ಮಾತ ಕೇಳೂಣು,” ಎಂದ.

ಅಥಣಿಯಲ್ಲಿ ಕಂಪ್ಯೂಟರ್ ಕಲಿಸುವ ಗೆಳತಿಗೆ ಫೋನು ಮಾಡಿ ಕ್ರಮವಾಗಿ ಎಲ್ಲ ಹೇಳಿದೆ. “ಪಂಚನಾಮೆ ಬರಕೊಂಡ ಕುಂತಿ ಏನಬೇ?” ಎಂದು ಮೊದಲು ನಕ್ಕಳು. ಅಪ್‌ಡೇಟ್ ಆದಾಗ ಆರಿಸಿದ್ದೂ ಒಮ್ಮೊಮ್ಮೆ ಎಚ್ಚರಾಗುತ್ತದೆ, ನಿರಿಗೆಯ ನೆರಳನ್ನೂ ಅದು ಮುಖ ಅಂದುಕೊಳ್ಳುತ್ತದೆ ಎಂದಳು. ಇರಬಹುದು. ಆದರೆ ಆ ನೆರಳನ್ನು ಬೇರೆ ಗುಂಪು ಮಾಡದೆ, ಯಾರೂ ಹೆಸರು ಬರೆಯದ ಅತ್ತಿಯ ಗುಂಪಿಗೇ ಏಕೆ ಸೇರಿಸಿತು ಎಂದು ಕೇಳಿದೆ. “ಅದ ನಂಗೂ ತಿಳೀವಲ್ದು,” ಎಂದಳು.

ಆ್ಯಪಿನ ಪ್ರಶ್ನೆಗೆ ಮೂರು ಉತ್ತರಗಳಿದ್ದವು: ಹೌದು, ಅಲ್ಲ, ಗೊತ್ತಿಲ್ಲ. ನಾನು ಯಾವುದನ್ನೂ ಒತ್ತಲಿಲ್ಲ. ಗುಂಪನ್ನು ಮತ್ತೆ ಮರೆ ಮಾಡಿದೆ. ನಮ್ಮ ಗೋಡೆಯ ಮೇಲೆ ಅತ್ತಿಯ ಫೋಟೊ ಇಂದಿಗೂ ಇಲ್ಲ.

ಹೋದ ತಿಂಗಳು ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಫೋಟೊಗೆ ಎಲ್ಲರೂ ನಡುಮನೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಅಪ್ಪ ಹಿಂತಿರುಗಿ ನೋಡಿದ. “ಒಂಚೂರು ಸರೀರಿ, ಬಾಗಲಾ ಬಿಟ್ಟು ನಿಂದರ್ರಿ,” ಎಂದ. ಎಲ್ಲರೂ ಎರಡು ಬದಿಗೆ ಸರಿದರು. ನಾನು ಫೋಟೊ ತೆಗೆದೆ.

ಫೋಟೊದಲ್ಲಿ ಎಷ್ಟು ಜನರಿದ್ದರೆಂದು ಅಂದೇ ದಿನಚರಿಯಲ್ಲಿ ಬರೆಯುವುದು ನನ್ನ ರೂಢಿ. ಆ ದಿನದ ಹಾಳೆಯಲ್ಲಿ ಸಂಖ್ಯೆಯ ಜಾಗ ಖಾಲಿ ಇದೆ. ಸ್ವಿಚ್ಚು ಹಾಕಿ ನೋಡಿದರೆ ಆ್ಯಪ್ ಹೇಳೀತು. ಹಾಕಿಲ್ಲ. ಒಮ್ಮೆ ಮುರಿದ ಮಾತನ್ನು ಮತ್ತೊಮ್ಮೆ ಮುರಿಯಲು ನನಗೆ ಮನಸ್ಸಿಲ್ಲ.