ತಂಬಿಗೆಯ ತಳದ ಮಣ್ಣು

ಬರೆದು ರೂಢಿಯಿಲ್ಲ. ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದ್ದರಿಂದ ಇದನ್ನು ನಾನೇ ಬರೆಯಬೇಕಾಗಿದೆ. ಹೇಳುವ ರೀತಿಯಲ್ಲಿ ಕೊರತೆಗಳಿದ್ದರೆ ಓದುಗರು ಮನ್ನಿಸಬೇಕು. ನನ್ನ ತಪ್ಪನ್ನಂತೂ ಮರೆಮಾಚಿಲ್ಲ.

ನಮ್ಮೂರು ಗುಂಜಿಯ ಕಾಡಂಚಿನಲ್ಲಿ ನಮ್ಮ ಸ್ವಂತದ ಸಣ್ಣ ಕೆರೆಯಿದೆ. ಅಜ್ಜ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿಸಿ ಕಟ್ಟಿದ್ದು. ಒಡ್ಡಿನ ಮೇಲೊಂದು ಹಲಸಿನ ಮರವಿತ್ತು. ಕೆಳಗೆ ನಮ್ಮ ಗದ್ದೆ, ಅದರಾಚೆ ನಾವು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮರಾಠಿ ಮನೆಮಾತಿನ ನೆರೆಯವರ ಮನೆ. ಒಡ್ಡಿನ ಬುಡದಲ್ಲಿ ಸದಾ ತುಸು ನೀರು ಜಿನುಗುತ್ತಿತ್ತು. ಅವ್ವ ನಿತ್ಯ ಬೆಳಿಗ್ಗೆ ಅದನ್ನು ತಂಬಿಗೆಯಲ್ಲಿ ಹಿಡಿದು ಕಲ್ಲಿನ ಮೇಲಿಟ್ಟು, ಹುಲ್ಲು ಕೊಯ್ದು ಬಂದ ಮೇಲೆ ತಳ ನೋಡುವಳು. ಅದು ಅವಳ ಅತ್ತೆ ಕಲಿಸಿದ ರೂಢಿ. ಮಣ್ಣು ಕೂತಿರದಿದ್ದರೆ ನೀರನ್ನು ಪತ್ರಿ ಗಿಡದ ಬುಡಕ್ಕೆ ಹಾಕುವಳು.

ಪದವಿಯ ಕೊನೆಯ ವರ್ಷ, ಒಡ್ಡಿನ ಮೇಲೆ ಮರವಿರಬಾರದೆಂದು ಒಂದು ಕೈಪಿಡಿಯಲ್ಲಿ ಓದಿದೆ. ನನ್ನ ಒತ್ತಾಯಕ್ಕೆ ಅಪ್ಪ ಹಲಸನ್ನು ಕಡಿಸಿದರು. ಬೇರುಗಳನ್ನೂ ಅಗೆದು ತೆಗೆದು, ಮಣ್ಣು ತುಂಬಿ ಗಟ್ಟಿಸಬೇಕೆಂಬ ಮುಂದಿನ ಪುಟವನ್ನು ನಾನು ಓದಿರಲಿಲ್ಲ.

ಐದು ಮಳೆಗಾಲ ಕಳೆದವು. ನಾನು ಬೆಳಗಾವಿಯ ನೆಹರು ನಗರದಲ್ಲಿ ಕಚೇರಿ ಕೆಲಸಕ್ಕೆ ಸೇರಿದ್ದೆ. ಕಳೆದ ಆಷಾಢದಲ್ಲಿ ಅವ್ವ ಫೋನ್ ಮಾಡಿದಳು.

“ಯವ್ವಾ, ತಂಬಿಗಿ ತಳದಾಗ ಮಣ್ಣ ಕುಂತೈತಿ.”

“ಮಳಿಗಾಲ ಅಲ್ಲೇನಬೇ, ಎಲ್ಲಾ ನೀರೂ ಕೆಂಪ ಇರ್ತಾವ.”

“ನೀ ಕಲತಾಕಿ. ಆದ್ರ ತಂಬಿಗಿ ಸುಳ್ಳ ಹೇಳಂಗಿಲ್ಲ.”

ಮರುದಿನ ಅಪ್ಪ ರೈಲಿನಲ್ಲಿ ಬೆಳಗಾವಿಗೆ ಬಂದಿಳಿದರು. ಚೀಲದಲ್ಲಿ ಎರಡು ಬಾಟಲಿ ನೀರು.

“ನಿಮ್ಮವ್ವ ಕಳಿಸ್ಯಾಳ. ನಾಕ ದಿನ ಆತು ಮಳಿ ಇಲ್ಲ. ಕೆರಿ ನೀರು ತಿಳಿ, ಬುಡದ್ದು ರಾಡಿ. ಈ ಮಣ್ಣ ಎಲ್ಲಿಂದ ಬಂತು, ನೀನ ಹೇಳು.”

ಉತ್ತರ ನನಗೆ ತಿಳಿದಿತ್ತು. ಒಡ್ಡು ಒಳಗಿನಿಂದ ಕರಗುತ್ತಿತ್ತು. ನಮ್ಮ ಓಣಿಯಲ್ಲಿದ್ದ ನಿವೃತ್ತ ನೀರಾವರಿ ಎಂಜಿನಿಯರರ ಬಳಿಗೆ ಬಾಟಲಿಗಳನ್ನು ಒಯ್ದೆ. ಮರದ ಸಂಗತಿ ಕೇಳಿ ಅವರು ಕನ್ನಡಕ ತೆಗೆದಿಟ್ಟರು.

“ಬೇರು ಕೊಳತು ನೀರಿಗೆ ದಾರಿ ಆಗೈತ್ರಿ. ಮೊದ್ಲ ಕೆಳಗಿನ ಮನಿಯವ್ರನ್ನ ಮ್ಯಾಲ ಕರಕೊಳ್ರಿ. ತೂಬು ತೆಗೀರಿ, ಆದ್ರ ಕೆರಿ ಸಾವಕಾಶ ಇಳೀಬೇಕು. ಜಿನಗೂ ಜಾಗಾಕ್ಕ ಉಸುಕು ಹಾಕಿ ಮ್ಯಾಲ ಕಡಿ ಹಾಕ್ರಿ. ನೀರು ಬರ್ಲಿ, ಮಣ್ಣ ನಿಲ್ಲಲಿ.”

ಅವ್ವನಿಗೆ ಫೋನಿನಲ್ಲೇ ತಿಳಿಸಿದೆ. ನಾವು ಊರು ಮುಟ್ಟುವಷ್ಟರಲ್ಲಿ ಕಾಕು ಕೋಳಿಬುಟ್ಟಿಯೊಂದಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು.

“ಕೆರಿ ನಿಮ್ದು, ಮುಳಗೋದು ನಾವು! ಚಹಾ ಆದ್ರೂ ಚಲೋ ಮಾಡ್ರಿ.”

ಮರ ಕಡಿಸಿದವಳು ನಾನೆಂದು ಅವರೆದುರು ಒಪ್ಪಿಕೊಂಡೆ.

“ಗೊತ್ತೈತಿ ಪೋರಿ. ಹಲಸಿನ ಹಣ್ಣ ತಪ್ಪಿಸಿದಾಕಿ ನೀನ ಅಂತ ಅವತ್ತ ಬೈದೇನಿ,” ಎಂದು ಕಾಕು ನನ್ನ ಕೈಗೆ ಬುಟ್ಟಿ ಕೊಟ್ಟರು. “ಈಗ ಇದನ್ನ ಹಿಡಿ.”

ಜಿನುಗುವ ಜಾಗಕ್ಕೆ ಉಸುಕು, ಅದರ ಮೇಲೆ ಜಲ್ಲಿಕಲ್ಲು ಹಾಕಿ, ಮೂರು ದಿನ ನೀರು ಇಳಿಸಿದೆವು. ನಾಲ್ಕನೆಯ ಬೆಳಿಗ್ಗೆ ತಂಬಿಗೆಯ ತಳ ಸ್ವಚ್ಛವಿತ್ತು. ಅವ್ವ ಅದನ್ನು ನನ್ನ ಮುಂದೆ ಬಾಗಿಸಿ ತೋರಿಸಿದಳು.

ಬೇಸಿಗೆಯಲ್ಲಿ ಒಡ್ಡನ್ನು ಅಗೆಸಿ, ಬೇರು ತೆಗೆಸಿ, ಜೇಡಿಮಣ್ಣು ತುಂಬಿ ಗಟ್ಟಿಸಿದೆವು. ಹೆಚ್ಚಿನ ನೀರು ಹರಿದುಹೋಗುವ ಕೋಡಿಯನ್ನು ಎರಡು ಅಡಿ ತಗ್ಗಿಸಿದೆವು. ಹೀಗಾಗಿ ಕೆರೆ ಮೊದಲಿನಷ್ಟು ತುಂಬುವುದಿಲ್ಲ. ಬೇಸಿಗೆಯಲ್ಲಿ ಭತ್ತ ಬೆಳೆಯುವುದನ್ನು ನಾವು ಬಿಟ್ಟಿದ್ದೇವೆ. ಕಾಕು ತಮ್ಮ ಮನೆಗೆ ಮರಳಿದ್ದಾರೆ. ನಾನು ಪ್ರತಿ ಶನಿವಾರ ಊರಿಗೆ ಹೋಗುತ್ತೇನೆ. ತೂಬು ಯಾವಾಗ ತೆಗೆಯಬೇಕೆಂಬುದನ್ನು ಈಗ ಅವ್ವ ನಿರ್ಧರಿಸುತ್ತಾಳೆ. ಅಪ್ಪನೂ ನಾನೂ ಅವಳನ್ನು ಕೇಳುತ್ತೇವೆ.