ಖಂಡಿತ ಅನ್ನದ ಡಾಕ್ಟ್ರು

ಡಾ. ಶರೀಫರು ಮೀನಿನ ಚೀಲ ಹಿಡಿದು ಮನೆಗೆ ಬಂದಾಗ ಅವರ ಹೆಂಡತಿ "ಫ್ರೆಶ್ ಉಂಟಾ?" ಎಂದು ಕೇಳಿದರೆ, ಬರುತ್ತಿದ್ದ ಉತ್ತರ ಇಷ್ಟೇ: "ಇರುವ ಸಾಧ್ಯತೆ ಜಾಸ್ತಿ." ಹೌದು, ಇಲ್ಲ ಎಂಬ ಎರಡು ಶಬ್ದಗಳನ್ನು ಅವರು ಎಲ್ಲೋ ಅಡವಿಟ್ಟು ಬಂದಂತಿತ್ತು. "ನಿಕಾಹ್ ದಿನ ಇವರು ಕಬೂಲ್ ಅಂತ ಹೇಗೆ ಹೇಳಿದ್ರೋ, ನನಗೆ ಈಗಲೂ ಆಶ್ಚರ್ಯ" ಎಂದು ಆಕೆ ನನ್ನೆದುರೇ ನಗುತ್ತಿದ್ದರು. ಡಾಕ್ಟ್ರೂ ನಗುತ್ತಿದ್ದರು, ಆದರೆ ತಿದ್ದಿಕೊಳ್ಳುತ್ತಿರಲಿಲ್ಲ.

ಅವರು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಹವಾಮಾನ ವಿಜ್ಞಾನಿ. ಅರಬ್ಬಿ ಸಮುದ್ರದ ಚಂಡಮಾರುತಗಳು ಅವರ ಸಂಶೋಧನೆಯ ವಿಷಯ. ನಾನು ಮಂಗಳೂರಿನ ಕದ್ರಿಯಲ್ಲಿ ಕಚೇರಿ ಇದ್ದ ಒಂದು ಪತ್ರಿಕೆಯ ವರದಿಗಾರ. ಕಡಲಲ್ಲಿ ಎಲ್ಲಾದರೂ ವಾಯುಭಾರ ಕುಸಿಯಿತು ಎಂದ ಕೂಡಲೇ ನಮ್ಮ ಸಂಪಾದಕರು ನನ್ನನ್ನು ಅವರ ಮೇಲೆ ಬಿಡುತ್ತಿದ್ದರು. ತಲೆಬರಹಕ್ಕೆ ಆಗುವಂಥ ಒಂದು ಮಾತನ್ನು ಅವರು ಎಂದೂ ಕೊಟ್ಟವರಲ್ಲ. ನಾಳೆ ಮಳೆ ಬರುತ್ತದೆಯೇ ಎಂದು ಕೇಳಿದರೆ ಮುಖ ಸಣ್ಣ ಮಾಡುತ್ತಿದ್ದರು.

"ನೀವೆಲ್ಲ ಮೀನಿನ ಧಕ್ಕೆಯಲ್ಲಿ ಇವತ್ತು ಬಂಗುಡೆಗೆ ಎಷ್ಟು ಅಂತ ಕೇಳುವವರು ಮಾರಾಯ್ರೆ. ನಾನು ನೋಡುವುದು ಬಂಗುಡೆ ಈ ಕಡಲಲ್ಲಿ ಇನ್ನು ಮುಂದೆ ಇರ್ತದಾ ಅಂತ. ಎರಡೂ ಒಂದೇ ಅಲ್ಲ."

ಕಡಲು ಬಿಸಿಯಾಗುತ್ತಿದೆ, ಬಿಸಿ ನೀರಿನ ಮೇಲೆ ಗಾಳಿ ಬೇಗ ಬಲಿಯುತ್ತದೆ, ಮೊದಲಾದರೆ ಚಂಡಮಾರುತ ಎಂದರೆ ಬಂಗಾಳ ಕೊಲ್ಲಿ ಎನ್ನುತ್ತಿದ್ದೆವು, ಇನ್ನು ಹಾಗೆ ಹೇಳಿ ಕೂತುಕೊಳ್ಳುವಂತಿಲ್ಲ. ಅವರ ವರ್ಷಗಳ ದುಡಿಮೆಯನ್ನು ನಾನು ಅರ್ಥ ಮಾಡಿಕೊಂಡದ್ದು ಇಷ್ಟು. "ಮೊದಲು ಅದು ದೊಡ್ಡದಾಗ್ಲಿಕ್ಕೆ ಟೈಮ್ ತಗೊಳ್ತಿತ್ತು. ಈಗ ನಾವು ಮಲಗಿ ಏಳುವಾಗ ಅದರ ಗಾತ್ರವೇ ಬೇರೆ ಆಗಿರ್ತದೆ" ಎನ್ನುತ್ತಿದ್ದರು.

ನಮ್ಮೂರಿನವರಿಗೆ ಒಂದು ನಂಬಿಕೆಯುಂಟು. ಚಂಡಮಾರುತ ಮಂಗಳೂರಿಗೆ ಬರುವುದಿಲ್ಲ, ಬಂದಂತೆ ಮಾಡಿ ಒಮಾನ್ ಕಡೆಗೆ ತಿರುಗುತ್ತದೆ. ತಿರುಗಿತೆಂದು ಟಿ.ವಿ.ಯಲ್ಲಿ ಬಂದ ಕೂಡಲೇ ಉರ್ವದ ಮಾರ್ಕೆಟಿನಿಂದ ಪಡೀಲಿನ ರಿಕ್ಷಾ ಸ್ಟ್ಯಾಂಡಿನವರೆಗೆ ಎಲ್ಲರೂ "ಬಚಾವ್" ಎನ್ನುತ್ತಾರೆ. ಒಮ್ಮೆ ನಾನೂ ಅವರಿಗೆ ಫೋನ್ ಮಾಡಿ, "ಡಾಕ್ಟ್ರೇ, ಬಚಾವ್. ಒಮಾನ್ ಕಡೆ ಹೋಯ್ತಂತೆ" ಎಂದೆ.

"ಅಲ್ಲಿ ನಮ್ಮ ಅಣ್ಣನ ಅಂಗಡಿ ಉಂಟು" ಎಂದರು.

ಕೋಪದ ಮಾತಲ್ಲ, ವಿವರ ಕೊಟ್ಟದ್ದು ಅಷ್ಟೇ. ಈ ಊರಿನ ಬೀದಿಬೀದಿಯಲ್ಲಿ ಯಾರಾದರೊಬ್ಬರ ಅಣ್ಣ, ಭಾವ, ಅಳಿಯ ಆ ದಡದಲ್ಲಿರುತ್ತಾರೆ. ಅವರು ಕಳಿಸಿದ ಟಿ.ವಿ.ಯ ಎದುರೇ ಕೂತು ನಾವು ಬಚಾವ್ ಅನ್ನುತ್ತೇವೆ.

ಅಣ್ಣನ ಹೆಸರು ಹಮೀದ್. ಊರವರ ಬಾಯಲ್ಲಿ, ತಮ್ಮನ ಬಾಯಲ್ಲೂ, ಹಮೀದಾಕ. ಒಮಾನಿನ ಸಲಾಲಾದಲ್ಲಿ ಬಟ್ಟೆಯಂಗಡಿ, ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಬಂದರಿನಲ್ಲಿ ತಂದೆಯ ಒಣಮೀನಿನ ವ್ಯಾಪಾರ ಇಳಿಮುಖವಾದಾಗ ವಿಮಾನ ಹತ್ತಿ ಹೋದವರು ಅವರು. ಡಾಕ್ಟ್ರು ಚಂಡಮಾರುತ ಓದಿದ್ದು ಈ ಅಣ್ಣನ ದುಡ್ಡಿನಲ್ಲಿ. ತಮ್ಮನ 'ಸಾಧ್ಯತೆ'ಗಳನ್ನು ಅವರಷ್ಟು ಲೇವಡಿ ಮಾಡಿದವರೂ ಇನ್ನೊಬ್ಬರಿಲ್ಲ.

ಮುಂದಿನ ಚಂಡಮಾರುತ ಎದ್ದಾಗ ನಾನು ಪಡೀಲಿನ ಅವರ ಮನೆಯಲ್ಲಿದ್ದೆ. ಕಂಪ್ಯೂಟರಿನ ಪರದೆಯ ಮೇಲೆ, ಗಾಳಿ ಹಿಡಿಯಬಹುದಾದ ದಾರಿಗಳು ಬೆಕ್ಕು ಎಳೆದಾಡಿದ ನೂಲಿನ ಹಾಗೆ ಚೆಲ್ಲಿಕೊಂಡಿದ್ದವು. ಹೆಚ್ಚಿನವು ಜನವಿಲ್ಲದ ಮರುಭೂಮಿಯ ಕಡೆಗೆ, ಉಳಿದವು ಸೀದಾ ಸಲಾಲಾದ ಮೇಲೆ. ಆಗಲೇ ಹಮೀದಾಕನ ಫೋನ್ ಬಂತು. ಸ್ಪೀಕರಿಗೆ ಹಾಕಿದರು. ಮಾತೆಲ್ಲ ಬ್ಯಾರಿ ಭಾಷೆಯಲ್ಲಿ, ನನಗೆ ಅರ್ಥವಾಗುವಷ್ಟು ಬರುತ್ತದೆ.

"ನಿನ್ನ ಪುರಾಣ ಬೇಡ, ಪರ್ಸೆಂಟ್ ಹೇಳು. ಇಲ್ಲಿಯವರು ಜಾಗ ಬಿಡಿ ಅಂತ ಮೈಕ್‌ನಲ್ಲಿ ಹೇಳ್ತಿದ್ದಾರೆ. ಹೊಸ ಮಾಲು ಬಂದು ಬಿದ್ದಿದೆ. ಐವತ್ತಕ್ಕಿಂತ ಕಮ್ಮಿ ಇದ್ರೆ ನಾನು ಅಂಗಡಿಯಲ್ಲೇ ಕೂರ್ತೇನೆ."

ಡಾಕ್ಟ್ರು ಪರದೆ ನೋಡಿದರು. ಕನ್ನಡಕ ತೆಗೆದು ಲುಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ನೋಡಿದರು. ನಂತರ ಫೋನಿನ ಹತ್ತಿರ ಬಾಗಿ, "ಖಂಡಿತ ಬರ್ತದೆ. ಬೀಗ ಹಾಕಿ ಈಗಲೇ ಹೊರಡಿ" ಎಂದರು.

"ಖಂಡಿತವಾ?"

"ಖಂಡಿತ."

ಆ ಶಬ್ದವನ್ನು ಅವರ ಬಾಯಿಂದ ನಾನು ಬೇರೆ ಯಾವಾಗಲೂ ಕೇಳಿಲ್ಲ. ಫೋನ್ ಇಟ್ಟ ಮೇಲೆ ಅವರು ನನ್ನತ್ತ ತಿರುಗಲೇ ಇಲ್ಲ. ಒಳಗಿನಿಂದ ಬಂದ ಚಹಾ ಹಾಗೆಯೇ ತಣ್ಣಗಾಯಿತು.

ಚಂಡಮಾರುತ ಸಲಾಲಾಕ್ಕೇ ಬಡಿಯಿತು. ನೀರೇ ಹರಿಯದ ಒಣ ಹಳ್ಳ ತುಂಬಿ ಪೇಟೆಗೆ ನುಗ್ಗಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ನೀರು ಫ್ಯಾನಿನವರೆಗೆ ನಿಂತಿತ್ತಂತೆ. ಹಮೀದಾಕ ಅಷ್ಟರಲ್ಲಿ ಗುಡ್ಡದ ಮೇಲಿನ ಸ್ನೇಹಿತರ ಮನೆಯಲ್ಲಿದ್ದರು. ಮಾಲು ಹೋಯಿತು, ಜೀವ ಉಳಿಯಿತು. ಸುದ್ದಿ ಹಬ್ಬಿ, ನಮ್ಮ ಬಂದರಿನ ಅಂಗಡಿಸಾಲಿನಲ್ಲಿ ಡಾಕ್ಟ್ರು ದೊಡ್ಡ ಮನುಷ್ಯರಾದರು. ಮದುವೆಯ ದಿನ ಗೊತ್ತು ಮಾಡುವವರು, ತಾರಸಿಗೆ ಕಾಂಕ್ರೀಟ್ ಹಾಕಿಸುವವರು ಮನೆಗೇ ಬಂದು ಮಳೆ ಬಾರದ ದಿನ ಕೇಳತೊಡಗಿದರು.

ಅವರಿಗೆ ಇದರಿಂದ ಹಿಂಸೆಯಾಯಿತು. ಒಂದು ಸಂಜೆ ಕದ್ರಿ ಪಾರ್ಕಿನಲ್ಲಿ ನಡೆಯುತ್ತಿದ್ದಾಗ ಬಾಯಿಬಿಟ್ಟರು.

"ನೂರಕ್ಕೆ ನಲ್ವತ್ತು ಇತ್ತು, ಅಷ್ಟೇ. ನಾನು ಹೇಳಿದ್ದು ಸುಳ್ಳು."

"ಬಂತಲ್ಲ ಡಾಕ್ಟ್ರೇ."

"ಬಂದದ್ದು ನಾನು ಹೇಳಿದೆ ಅಂತ ಅಲ್ಲ ಮಾರಾಯ್ರೆ. ಅಷ್ಟು ವರ್ಷ ಸತ್ಯ ಹೇಳಿದೆ, ಯಾರೂ ಕೇಳ್ಲಿಲ್ಲ. ಒಂದು ಸುಳ್ಳು ಹೇಳಿದೆ, ಎಲ್ಲರೂ ನಂಬಿದ್ರು. ನನ್ನನ್ನು ಓದಿಸಿದವರಿಗೇ ಮೋಸ ಮಾಡಿದ ಹಾಗಾಯ್ತು."

ಅಣ್ಣ ರಜೆಯಲ್ಲಿ ಬಂದಾಗ ಎದುರು ಕೂತು ಹೇಳಿಬಿಡುತ್ತೇನೆ ಎಂದರು. ಹಮೀದಾಕ ಬಂದರು, ತಿಂಗಳಿದ್ದು ಹೋದರು. ಹೇಳಿದಿರಾ ಎಂದು ಕೇಳಿದೆ. "ಊಟಕ್ಕೆ ಕೂತಲ್ಲೆಲ್ಲ ನನ್ನ ಗುಣಗಾನ. ನೆಂಟರೆದುರು 'ನನ್ನ ತಮ್ಮ' ಅಂತ ಹೆಗಲಿಗೆ ಕೈ ಹಾಕ್ತಾರೆ. ಎಲ್ಲಿ ಹೇಳುವುದು? ಮುಂದಿನ ರಜೆಯಲ್ಲಿ ಹೇಳುವ ಸಾಧ್ಯತೆ ಉಂಟು" ಎಂದರು. ನಮ್ಮ ಕೊನೆಯ ಭೇಟಿ ಅದೇ. ಆ ಮಳೆಗಾಲ ಕಳೆಯುವ ಮೊದಲೇ, ಕಾಲೇಜಿಗೆ ಹೊರಟವರು ಮೆಟ್ಟಿಲಿನಲ್ಲಿ ಕುಸಿದು ಹೋದರು. ಹೃದಯಾಘಾತ. ಪತ್ರಿಕೆಯಲ್ಲಿ ಸುದ್ದಿ ಬರೆದವನು ನಾನೇ. ಬರೆಯುವಾಗ ಬಹಳ ಬೇಸರವಾಯಿತು.

ಮೊನ್ನೆ ಕಡಲಲ್ಲಿ ಮತ್ತೆ ಗಾಳಿ ಎದ್ದಿತ್ತು. ಬೆಳಿಗ್ಗೆ ಆಫೀಸಿನಲ್ಲಿದ್ದಾಗ, ರಜೆಯಲ್ಲಿ ಬಂದಾಗ ನನ್ನ ನಂಬರ್ ತೆಗೆದುಕೊಂಡಿದ್ದ ಹಮೀದಾಕನ ಫೋನ್ ಸಲಾಲಾದಿಂದ ಬಂತು. ನಾನು ಗಡಿಬಿಡಿಯಲ್ಲಿ ಹವಾಮಾನ ಇಲಾಖೆಯ ಪ್ರಕಟಣೆ ಹುಡುಕತೊಡಗಿದೆ.

"ಅದೆಲ್ಲ ನೋಡಿ ಆಯ್ತು ಸಾರ್. ನಾನು ಅಂಗಡಿ ಮುಚ್ಚಿ ಗುಡ್ಡಕ್ಕೆ ಬಂದೂ ಆಯ್ತು. ಅವನಿದ್ದಿದ್ರೆ ಅವನಿಗೆ ಮಾಡ್ತಿದ್ದೆ. ಅವನಿಲ್ಲ, ಹಾಗೆ ನಿಮಗೆ ಮಾಡಿದೆ."

ಆ ಸಲ ಡಾಕ್ಟ್ರು ಸರಿಯಾಗಿ ಹೇಳಿದ್ದರಲ್ಲ ಎಂದೆ. ಹಮೀದಾಕ ನಕ್ಕರು.

"ಎಂತ ಸರಿ ಸಾರ್! ಹುಟ್ಟಿದಂದಿನಿಂದ ಅಂದಾಜು, ಅಂದಾಜು ಅಂತಿದ್ದವ ಒಮ್ಮೆಲೇ ಖಂಡಿತ ಅಂದ್ರೆ ನನಗೆ ಗೊತ್ತಾಗುವುದಿಲ್ವಾ? ಅವನಿಗೆ ಗೊತ್ತಿರ್ಲಿಲ್ಲ, ಹೆದರಿದ್ದ. ಪಾಪ, ಅವನು ಹೆದರಿ ಸಾಯುವುದು ಬೇಡ ಅಂತ ಬೀಗ ಹಾಕಿ ಹೊರಟೆ."

"ಇದನ್ನು ಅವರಿಗೆ ಹೇಳಿದ್ದಿರಾ?"

"ಇಲ್ಲ ಸಾರ್. ತಾನು ಹೇಳಿದ್ದು ಸರಿಯಾಯ್ತು ಅಂತ ಅವನಿಗೆ ಎಷ್ಟು ಖುಷಿಯಾಗಿತ್ತೋ ಏನೋ. ಅದನ್ನು ಯಾಕೆ ಹಾಳು ಮಾಡುವುದು ಅಂತ ಸುಮ್ಮನಿದ್ದೆ."