ಕರಿದಾರ ಕಟ್ಟಿದ ಪಂಪು

ಮೊನ್ನೆ ಮೊಮ್ಮಗಳ ಕಾಲೇಜು ಚೀಲ ಕೊಡವಿದಾಗ ಅವಳು ದಮ್ಮಿಗೆ ಎಳೆಯುವ ನೀಲಿ ಪಂಪು ಉರುಳಿ ನನ್ನ ಕಾಲ ಹತ್ತಿರ ಬಂತು. ಹೊರಗೆ ತೊಗರಿ ರಾಶಿ ನಡೆದಿತ್ತು, ಹೊಟ್ಟಿನ ಧೂಳು ಮನೆಯೊಳಗೂ ಬಂದಿತ್ತು. ಅವೆರಡೂ ಒಟ್ಟಿಗೆ ಬಂದರೆ ನನಗೆ ಕಂಪೌಂಡರ್ ನೆನಪಾಗುತ್ತಾನೆ. ಬೇಡವೆಂದರೂ…

ನನಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಜೇವರ್ಗಿಯಲ್ಲಿ ಯಾವುದೋ ಡಾಕ್ಟರ ಕೈಕೆಳಗೆ ಕಲಿತು ಬಂದು ನಮ್ಮೂರಲ್ಲಿ ಸೂಜಿ ಮಾಡಿಕೊಂಡಿದ್ದ ಅವನು ನನ್ನನ್ನು ಅಕ್ಕಾ ಎಂದ. ಅಷ್ಟು ಸಾಕಾಯಿತು. ಒಡಹುಟ್ಟಿದವನಿಗೆ ಕಳಿಸುವಂತೆ ಪ್ರತಿ ನಾಗರಪಂಚಮಿಗೂ ಅವನ ಮನೆಗೆ ಉಂಡಿ ಕಳಿಸಿದೆ.

ಮೊಮ್ಮಗಳಿಗೆ ಆಗ ಏಳು ವರ್ಷ. ದಮ್ಮು ಹತ್ತಿದರೆ ಎದೆ ತಿದಿಯಂತೆ ಆಡುತ್ತಿತ್ತು. ಸರ್ಕಾರಿ ದವಾಖಾನೆಯ ಡಾಕ್ಟರಬಾಯಿ ನೀಲಿ ಪಂಪು ಕೊಟ್ಟರು. ದೃಷ್ಟಿಯಾಗದಿರಲಿ ಎಂದು ಅದಕ್ಕೆ ಕರಿದಾರ ಕಟ್ಟಿದೆ. ಕೂಸಿಗೆ ಕಟ್ಟುವುದು ಬಿಟ್ಟು ಪಂಪಿಗೆ ಕಟ್ಟುತ್ತಾಳೆ ನೋಡಿರಿ ಎಂದು ಸೊಸೆ ನಕ್ಕಳು.

"ಉಸಿರು ಅದರಾಗೇ ಐತಲ್ಲ ಬೇ," ಎಂದೆ.

ಆ ಪಂಚಮಿಗೆ ಮನೆಗೆ ಬಂದ ಕಂಪೌಂಡರ್ ಉಂಡಿ ತಿನ್ನುತ್ತಾ ಪಂಪು ನೋಡಿ ಮುಖ ಸಣ್ಣದು ಮಾಡಿದ.

"ಹೆಣ್ಣು ಕೂಸು ಅಕ್ಕಾ. ಇದರ ಚಟ ಹತ್ತಿತಂದ್ರ ಸಾಯೂತನಕ ಬಿಡಂಗಿಲ್ಲ. ನಾಳೆ ಯಾರು ಮಾಡ್ಕೊಂತಾರ್ರಿ? ನಾ ಸೂಜಿ ಮಾಡ್ತೇನಿ."

ಡಾಕ್ಟರಬಾಯಿ ನಿನ್ನೆ ಮೊನ್ನೆ ಬಂದವರು. ಇವನು ತಮ್ಮ. ಎಲ್ಲಾದರೂ ಒಗೆದುಬಿಡು ಎಂದು ಪಂಪನ್ನು ಅವನ ಕೈಗೇ ಕೊಟ್ಟೆ. ಅಂದಿನಿಂದ ಎಳ್ಳಮಾವಾಸ್ಯೆ ತನಕ ಸೂಜಿಯ ಮೇಲೆ ಸೂಜಿ. ಕೂಸಿನ ಮುಖ ಊದಿತು. ಮೈ ತುಂಬಿಕೊಂಡಿದೆ ಎಂದು ನಾನು ಓಣಿಗೆಲ್ಲ ಹೇಳಿಕೊಂಡು ಬಂದೆ. ಹುಚ್ಚಿ.

ಎಳ್ಳಮಾವಾಸ್ಯೆಯ ಮರುದಿನ ಓಣಿ ತುದಿಗೆ ರಾಶಿ ಮಷಿನ್ ಬಂತು, ಹೊಟ್ಟಿನ ಧೂಳೆದ್ದಿತು. ಮಧ್ಯಾಹ್ನದ ಹೊತ್ತಿಗೆ ಕೂಸಿಗೆ ಮಾತು ಹೊರಡದಾಯಿತು, ತುಟಿ ನೇರಳೆಯಾಯಿತು. ಎತ್ತಿಕೊಂಡು ಅವನ ಮನೆಗೆ ಓಡಿದೆ. ಬಾಗಿಲು ತೆರೆದಿತ್ತು. ಅವನು ಮಂಚದ ಮೇಲೆ ಬಾಗಿ ಕೂತು, ಬಾಯಿಗೆ ನೀಲಿ ಪಂಪು ಹಚ್ಚಿ ಎಳೆಯುತ್ತಿದ್ದ. ಪಂಪಿನ ಕೊರಳಲ್ಲಿ ನಾನು ಕಟ್ಟಿದ ಕರಿದಾರ.

ಬೈಯಲು ಹೊತ್ತಿರಲಿಲ್ಲ. ಕಸಿದುಕೊಂಡು ಕೂಸಿನ ಬಾಯಿಗೆ ತುರುಕಿದೆ.

"ಹಂಗಲ್ಲ ಅಕ್ಕಾ," ಎಂದ. ನೀರಿನ ಬಾಟಲಿಯ ತಳಕ್ಕೆ ತೂತು ಕೊರೆದು ಪಂಪು ಸಿಕ್ಕಿಸಿದ. ಬಾಟಲಿಯ ಬಾಯಿಯನ್ನು ಅವಳ ತುಟಿಗಿಟ್ಟು, ಒಂದೊಂದು ಸಲ ಒತ್ತಿ, ಉಸಿರು ಎಳೆಸುತ್ತಾ ಎಣಿಸಿದ. ಕೈ ಒಮ್ಮೆಯೂ ತಡವರಿಸಲಿಲ್ಲ. ಎಲ್ಲ ಬರುತ್ತಿತ್ತು ಅವನಿಗೆ. ಎಲ್ಲ.

ತುಟಿಗೆ ಬಣ್ಣ ಬಂದ ಮೇಲೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ನೆಲ ನೋಡಿದ.

"ಸೂಜಿ ಮಾಡಾವ್ಗೇ ದಮ್ಮಂದ್ರ ನನ್ನ ಕಡೆ ಯಾರು ಬರ್ತಾರ್ರಿ? ದವಾಖಾನಿಗೆ ಹೋಗಿ ಹ್ಯಾಂಗ ಕೇಳ್ಲಿ?"

ಕೂಸನ್ನು ಎತ್ತಿಕೊಂಡು ನೇರ ಡಾಕ್ಟರಬಾಯಿ ಹತ್ತಿರ ಹೋದೆ. ಮುಖ ಊದಿದ್ದು ಆ ಸೂಜಿಯಿಂದಲೇ ಎಂದು ಅವರು ಬೈದರು, ಬೈಸಿಕೊಂಡೆ. ಅವನಿಗೆ ಮತ್ತೆ ಉಂಡಿ ಕಳಿಸಲಿಲ್ಲ. ಮೂರು ವರ್ಷಕ್ಕೆ ಸತ್ತ. ಮಣ್ಣಿಗೂ ಹೋಗಲಿಲ್ಲ. ನನ್ನ ತಮ್ಮ ಆ ಮಧ್ಯಾಹ್ನವೇ ಹೋಗಿದ್ದ…

ಮೊಮ್ಮಗಳು ಈಗ ಯಡ್ರಾಮಿ ಬಸ್ಸಿನಲ್ಲಿ ಎಲ್ಲರೆದುರೇ ಪಂಪು ಎಳೆಯುತ್ತಾಳೆ. ಮೊನ್ನೆ ಅದನ್ನು ಒರೆಸಿ ಅವಳ ಚೀಲದಲ್ಲಿಟ್ಟೆ. ಪಂಚಮಿಗೆ ಇನ್ನೂ ಉಂಡಿ ಕಟ್ಟುತ್ತೇನೆ. ಕಳಿಸುವ ಮನೆಯಿಲ್ಲ.